ಗ್ರೀಕರ ಬಟ್ಟಲೂ ನಮ್ಮೂರ ಬೋಕಿಯೂ

ಕಳೆದ ಆಷಾಢದಲ್ಲಿ ಒಂದು ಸಂಜೆ, ಬಾಬುರಾಯನಕೊಪ್ಪಲಿನ ನಮ್ಮ ಮನೆಯ ಜಗಲಿಗೆ ನನ್ನ ವಿದ್ಯಾರ್ಥಿಯೊಬ್ಬ ಬಂದ. ಕೈಯಲ್ಲಿ ಟವಲಿನ ಗಂಟು. ಬಿಚ್ಚಿದರೆ ಆರೇಳು ಬೋಕಿ ಚೂರುಗಳು. ಕಬ್ಬಿನ ಗದ್ದೆಗೆ ಪೈಪು ಹೂಳುವುದಕ್ಕೆಂದು ಅಪ್ಪ ಮಗ ಇಬ್ಬರೂ ಬದುವಿನ ಮಗ್ಗುಲಲ್ಲಿ ಅಗೆಯುತ್ತಿದ್ದಾಗ ಎರಡಡಿ ಆಳದಲ್ಲಿ ಸಿಕ್ಕಿದವಂತೆ. ಅವುಗಳಲ್ಲಿ ಒಂದು ಚೂರು ಸೊಗಸಾಗಿತ್ತು. ಹೊರಮೈ ಕೆಂಪು, ಒಳಮೈ ಇದ್ದಲಿನಂತೆ ಕಪ್ಪು, ಬೆರಳಾಡಿಸಿದರೆ ನುಣುಪು. ಹುಡುಗ ಉಸಿರು ಬಿಗಿಹಿಡಿದು ಕೇಳಿದ: “ಸಾರ್, ಇದು ಗ್ರೀಕರ ಬಟ್ಟಲು ಇರಬೋದಾ?”

ಕೇಳಿದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಆ ವಾರವಷ್ಟೇ ನಾನು ತರಗತಿಯಲ್ಲಿ ಕನ್ನಡದ ಪ್ರಾಚೀನತೆಯ ಪಾಠ ಮಾಡಿದ್ದೆ. ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದೂ, ಅವು ಪಾತ್ರೆಗೆ ಮದ್ಯ ಸುರಿಯುವ ಸಂದರ್ಭದ ಮಾತುಗಳೆಂದೂ, ನಮ್ಮ ಭಾಷೆಯ ಕೀರ್ತಿ ಆಗಲೇ ಈಜಿಪ್ಟಿನವರೆಗೆ ಹಬ್ಬಿತ್ತೆಂದೂ ಕಂಠವೇರಿಸಿ ಹೇಳಿದ್ದೆ. ಗ್ರೀಕರಿಗೆ ನಮ್ಮ ಮಾತು ಹೋಗಿದ್ದರೆ ನಮಗೆ ಅವರ ಬಟ್ಟಲು ಏಕೆ ಬಂದಿರಬಾರದು? ತರ್ಕ ಸರಿಯಾಗಿಯೇ ಇದೆ.

“ಇಲ್ಲಪ್ಪ, ನಮ್ಮ ಕಡೆಯ ಮಡಕೆಯೇ ಇರಬೇಕು” ಎಂದೆ. ಅವನ ಮುಖ ಇಳಿದುಹೋಯಿತು. “ಓ, ನಮ್ದೇನಾ” ಎಂದವನೇ ಟವಲನ್ನು ನುಗ್ಗೆಮರದ ಬುಡದಲ್ಲಿ ಕೊಡವಿ, ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಆ “ನಮ್ದೇನಾ” ನನ್ನನ್ನು ರಾತ್ರಿ ಮಲಗಗೊಡಲಿಲ್ಲ. ಪರದೇಶದ್ದಾದರೆ ಬಟ್ಟಲು, ನಮ್ಮದಾದರೆ ಬೋಕಿ! ಈ ಬುದ್ಧಿಯನ್ನು ಆ ಹುಡುಗನಿಗೆ ಕಲಿಸಿದವರು ಯಾರು? ಇಪ್ಪತ್ತು ವರ್ಷಗಳಿಂದ ಸಂಬಳ ತೆಗೆದುಕೊಂಡು ಕಲಿಸುತ್ತಿರುವ ನಾನು, ನನ್ನಂಥ ಅಧ್ಯಾಪಕರು, ನಮಗೆ ಆ ಪಾಠವನ್ನು ಬರೆದುಕೊಟ್ಟ ಪುಸ್ತಕಗಳು, ವರ್ಷಕ್ಕೊಮ್ಮೆ ನವೆಂಬರ್ ತಿಂಗಳಲ್ಲಿ ವೇದಿಕೆ ಹತ್ತುವ ನಮ್ಮ ಭಾಷಣಕಾರರು. ನನ್ನ ಜಗಳ ಇವರೊಂದಿಗೆ, ಎಂದರೆ ಮೊದಲು ನನ್ನೊಂದಿಗೇ.

ಮೊದಲು ಗ್ರೀಕರ ಬಟ್ಟಲಿನ ಮಾತು. ಅದು ಅಂದವಾದ ವಸ್ತುವೆಂಬುದರಲ್ಲಿ ಸಂಶಯವಿಲ್ಲ. ಕೈಲಿಕ್ಸ್ ಎಂಬುದು ಅಗಲ ಬಾಯಿಯ, ಆಳವಿಲ್ಲದ, ಎರಡು ಕಿವಿಗಳ, ಕಾಲುಳ್ಳ ಪಾನಪಾತ್ರೆ. ಕೆಂಪು ಜೇಡಿಯ ಮೇಲೆ ಕಪ್ಪು ಚಿತ್ರ. ಮುಂದೆ ಕಾಲ ಬದಲಾಯಿಸಿ ಕಪ್ಪು ನೆಲದ ಮೇಲೆ ಕೆಂಪು ಚಿತ್ರ. ಕೆಲವಕ್ಕೆ ಹೊರಮೈಯಲ್ಲಿ ಎರಡು ದೊಡ್ಡ ಕಣ್ಣು ಬರೆದಿರುತ್ತಿದ್ದರು. ಕುಡಿಯುವವನು ಬಟ್ಟಲನ್ನು ಎತ್ತಿ ಹಿಡಿದಾಗ ಎದುರಿಗೆ ಕುಳಿತವನಿಗೆ ಅದು ಮುಖವಾಡದಂತೆ ಕಾಣುತ್ತಿತ್ತು. ಒಳಗಡೆ ತಳದಲ್ಲಿ ಇನ್ನೊಂದು ಚಿತ್ರ. ಮದ್ಯ ಬರಿದಾಗುತ್ತ ಬಂದಂತೆ ಅದು ಮೆಲ್ಲನೆ ಹೊರಗೆ ಬರುತ್ತದೆ. ಕುಡುಕರ ನಡುವೆಯೂ ಇಷ್ಟು ರಸಿಕತೆ ಇದ್ದೀತೇ ಎಂದು ಆಶ್ಚರ್ಯವಾಗಬೇಕು.

ಆದರೆ ಈ ಚಿತ್ರದ ಬಟ್ಟಲುಗಳ ಒಳ್ಳೆಯ ಕಾಲ ಕ್ರಿ.ಪೂ. ಆರು ಮತ್ತು ಐದನೆಯ ಶತಮಾನ. ಪ್ರಹಸನದ ಹಾಳೆ ಕ್ರಿ.ಶ. ಎರಡನೆಯ ಶತಮಾನದ್ದು. ನಡುವೆ ಆರುನೂರು ಏಳುನೂರು ವರ್ಷಗಳ ಅಂತರ. ಕನ್ನಡ ನಾಡಿನ ಯಾವ ಅಗೆತದಲ್ಲಿಯೂ ಅಂಥ ಬಟ್ಟಲೊಂದು ಹೊರಬಿದ್ದಿಲ್ಲ. ನಮ್ಮ ಭಾಷಣಗಳಲ್ಲಿ ಮಾತ್ರ ಎಲ್ಲವೂ ಒಂದೇ ಪಾಕವಾಗಿ “ಗ್ರೀಕರ ಕಾಲ” ಎಂಬ ಹೆಸರಿನಿಂದ ಬಡಿಸಲ್ಪಡುತ್ತದೆ.

ಇನ್ನು ಆ ಪ್ರಹಸನ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳಲ್ಲಿ ಸಿಕ್ಕಿದ ಪಪೈರಸ್ ಹಾಳೆಗಳಲ್ಲಿ ಇದು 413ನೆಯದು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು ಇದನ್ನು 1903ರಲ್ಲಿ ಅಚ್ಚು ಹಾಕಿಸಿದರು. ಕಥೆ ಇಷ್ಟೆ: ಚಾರಿಷನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲ ತೀರದ ದೇಗುಲವೊಂದರಲ್ಲಿ ಸೆರೆಯಾಗಿದ್ದಾಳೆ. ಅಣ್ಣನೂ ಅವನ ಜೊತೆಯವರೂ ಬಂದು ಅಲ್ಲಿನ ರಾಜನಿಗೂ ಪರಿವಾರಕ್ಕೂ ದ್ರಾಕ್ಷಾಮದ್ಯ ಕುಡಿಸಿ, ಮತ್ತೇರಿದವರನ್ನು ಕಟ್ಟಿಹಾಕಿ, ಹಡಗು ಹತ್ತಿ ಪಾರಾಗುತ್ತಾರೆ. ರಾಜನ ಕಡೆಯವರು ಗ್ರೀಕರಿಗೆ ತಿಳಿಯದ ಯಾವುದೋ ಭಾಷೆಯಲ್ಲಿ ಮಾತನಾಡುತ್ತಾರೆ. 1904ರಲ್ಲಿ ಶಾಸನ ಪಂಡಿತ ಹುಲ್ಟ್ಸ್ ಆ ಮಾತುಗಳಲ್ಲಿ ಬೇರೆ, ಕೊಂಚ, ಮಧು, ಪಾತ್ರೆ ಎಂಬ ಕನ್ನಡದ ಚಹರೆಗಳನ್ನು ಕಂಡರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಶಾಮಾಶಾಸ್ತ್ರಿಗಳು ಅದನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬೆನ್ನು ಹತ್ತಿದರು. ನಾಟಕದ ಬಂದರು ಉಡುಪಿಯ ಹತ್ತಿರದ ಮಲ್ಪೆಯೇ ಎಂದವರುಂಟು; ಭಾಷೆ ಕನ್ನಡವಲ್ಲ, ತುಳು ಎಂದವರೂ ಉಂಟು. ಹಿರಿಯರ ವಿದ್ವತ್ತಿಗೆ ನಾನು ತಲೆಬಾಗುತ್ತೇನೆ. ಅವರು ಹೊಸದಾಗಿ ಸಿಕ್ಕಿದ ಹಾಳೆಯೊಂದನ್ನು ಎದುರಿಗಿಟ್ಟುಕೊಂಡು ಊಹೆ ಮಾಡಿದರು. ಊಹೆ ಮಾಡುವುದು ವಿದ್ವಾಂಸನ ಹಕ್ಕು. ಆ ಊಹೆಯನ್ನು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಮಾಡಿದವರು ನಾವು.

1926ರಲ್ಲಿಯೇ ಬಾರ್ನೆಟ್ ಎಂಬ ವಿದ್ವಾಂಸರು ಈ ಕನ್ನಡದ ಓದನ್ನು ಒಪ್ಪಲಾಗದೆಂದು ವಾದಿಸಿ ಬರೆದರು. ಒಂದು ಶತಮಾನವೇ ಕಳೆಯಿತು. ನಾನು ಎಂ.ಎ. ಓದುವಾಗ ಹುಲ್ಟ್ಸರ ಹೆಸರನ್ನು ಕೇಳಿದ್ದೆ, ಬಾರ್ನೆಟ್ಟರ ಹೆಸರನ್ನು ಕೇಳಿರಲಿಲ್ಲ. ಗ್ರೀಕ್ ಹಾಳೆಗಳಲ್ಲಿ ಪದ ಪದಕ್ಕೂ ನಡುವೆ ಜಾಗ ಬಿಡುವ ವಾಡಿಕೆಯಿಲ್ಲ. ಅಕ್ಷರಗಳ ಸಾಲನ್ನು ಎಲ್ಲಿ ಮುರಿಯಬೇಕೆಂಬುದನ್ನು ಓದುವವನೇ ನಿರ್ಧರಿಸಬೇಕು. ತಿಳಿಯದ ಭಾಷೆಯ ಸಾಲನ್ನು ತನಗೆ ತಿಳಿದ ಭಾಷೆಯ ಗಂಟಿಗೆ ಸರಿಯಾಗಿ ಮುರಿಯುವುದು ಎಷ್ಟು ಸುಲಭ! ಅದೂ ಎಂಥ ಕನ್ನಡ? ಸುಮಾರು 450ರ ಹಲ್ಮಿಡಿ ಶಾಸನದ ಕನ್ನಡವನ್ನು ಓದಿಸಲು ನಾನು ತರಗತಿಯಲ್ಲಿ ಬೆವರು ಸುರಿಸುತ್ತೇನೆ. ಅದಕ್ಕೂ ಇನ್ನೂರೈವತ್ತು ಮುನ್ನೂರು ವರ್ಷ ಹಿಂದಿನ ಈ “ಕನ್ನಡ” ಮಾತ್ರ ಮೈಸೂರಿನ ಕಾಫಿ ಹೋಟೆಲಿನಲ್ಲಿ ಕೇಳಿದಷ್ಟು ಸಲೀಸಾಗಿ ಅರ್ಥವಾಗಿಬಿಡುತ್ತದೆ. ಇಷ್ಟು ಸಲೀಸಾಗಿ ಅರ್ಥವಾಗುವುದೇ ಅನುಮಾನಕ್ಕೆ ಎಡೆ. ಪರದೇಶಿಯ ಬಾಯಲ್ಲಿ ಅರ್ಥವಿಲ್ಲದ ಗುಲ್ಲು ಹೇಳಿಸಿ ನಗಿಸುವುದು ಗ್ರೀಕ್ ಹಾಸ್ಯದಲ್ಲಿ ಹಳೆಯ ಉಪಾಯ. ಅರಿಸ್ಟೋಫನಿಸ್ ಪಾರಸಿಕ ದೂತನಿಂದ ಅಂಥ ಮಾತಾಡಿಸಿದ್ದಾನೆ. ನಮ್ಮ ಕಂಪನಿ ನಾಟಕಗಳ ದೊರೆಯ ಮಾತಿನಿಂದ ಮುಂದಿನ ಯುಗದವರು ಇಂಗ್ಲಿಷಿನ ವ್ಯಾಕರಣ ಬರೆಯಹೊರಟರೆ ಹೇಗಿದ್ದೀತು?

ಅದೂ ಹೋಗಲಿ, ಅದು ಕನ್ನಡವೇ ಎಂದು ವಾದಕ್ಕಾಗಿ ಒಪ್ಪಿಕೊಳ್ಳೋಣ. ಆಗ ಅದರಲ್ಲಿ ಹೆಮ್ಮೆಪಡುವುದಕ್ಕೆ ಏನಿದೆ? ಗ್ರೀಕರು ಮದ್ಯವನ್ನು ದೊಡ್ಡ ಕೊಳಗದಲ್ಲಿ ನೀರಿನೊಂದಿಗೆ ಬೆರೆಸಿ ಬಟ್ಟಲಿಗೆ ಬಿಡುತ್ತಿದ್ದರು. ಬೆರೆಸದೆ ಕುಡಿಯುವವನು ಅವರ ದೃಷ್ಟಿಯಲ್ಲಿ ಕಾಡು ಮನುಷ್ಯ. ಪ್ರಹಸನದ ಕಥೆ ನಿಂತಿರುವುದೇ ಇದರ ಮೇಲೆ. ಈ ನಾಡಿನಲ್ಲಿ ದ್ರಾಕ್ಷಾಮದ್ಯ ಮಾರಾಟಕ್ಕೆ ಸಿಕ್ಕುವುದಿಲ್ಲ, ಸಿಕ್ಕಿದರೆ ಇವರು ನೀರು ಬೆರೆಸದೆ ಕುಡಿದುಬಿಡುತ್ತಾರೆ, ಕುಡಿಸಿ ಕೆಡವೋಣ ಎಂಬುದು ಅಲ್ಲಿನ ಸಂಚು. ವಿದೂಷಕನ ಅಪಾನವಾಯುವೇ ಆ ನಾಟಕದಲ್ಲಿ ಒಂದು ಆಯುಧವೆಂಬುದನ್ನು ಕೂಡ ನಮ್ಮ ಭಾಷಣಕಾರರು ಸಭೆಗೆ ತಿಳಿಸುವುದಿಲ್ಲ. ಈಜಿಪ್ಟಿನ ಬೀದಿಯ ಜನ ನಮ್ಮನ್ನು ಕುಡುಕರೆಂದು ನಕ್ಕ ಹಾಳೆಯನ್ನು ನಾವು ಸನ್ಮಾನಪತ್ರದಂತೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ!

“ಆಗಲಿ ಸ್ವಾಮಿ, ಇದರಿಂದ ಕನ್ನಡಕ್ಕೆ ನಷ್ಟವೇನು? ಮಕ್ಕಳಿಗೆ ಒಂದಿಷ್ಟು ಅಭಿಮಾನ ಬಂದರೆ ಬರಲಿ” ಎನ್ನುವ ಸಮಾಧಾನಪ್ರಿಯರು ಇದ್ದಾರೆ. ನನ್ನ ಸಹೋದ್ಯೋಗಿಗಳಲ್ಲಿಯೇ ಇದ್ದಾರೆ. ನಷ್ಟ ಉಂಟು, ಅದಕ್ಕೆ ಲೆಕ್ಕವೂ ಉಂಟು. ಆ ಲೆಕ್ಕವನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿಯೆಂಬ ಬೆಟ್ಟವಿದೆ. ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವಿರುವುದನ್ನು 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದರು. ಮೈಸೂರು ಪ್ರಾಕ್ತನ ಇಲಾಖೆಯ ಎಂ.ಎಚ್. ಕೃಷ್ಣ ಅವರು ಆ ಊರಿನ ನೆಲವನ್ನು ಅಗೆಸಿದ್ದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಪದರ ಪದರವಾಗಿ ಬಿಡಿಸಿ ಅಗೆದು, ಮೂರು ಸಂಸ್ಕೃತಿಗಳನ್ನು ಒಂದರ ಮೇಲೊಂದರಂತೆ ತೋರಿಸಿಕೊಟ್ಟರು. ಕೆಳಗೆ ಕಲ್ಲು ಕೊಡಲಿಯ ಜನ. ಅವರ ಮೇಲೆ ಕಬ್ಬಿಣ ಬಲ್ಲ, ಕಲ್ಲು ಚಪ್ಪಡಿಗಳ ಸಮಾಧಿ ಕಟ್ಟಿದ ಜನ. ಎಲ್ಲಕ್ಕಿಂತ ಮೇಲೆ, ಕೆಂಗಂದು ಲೇಪದ ಮೈಯಲ್ಲಿ ಬಿಳಿಗೆರೆಗಳ ಚಿತ್ತಾರವಿದ್ದ ಬಟ್ಟಲುಗಳ ಕಾಲ. ಅಗೆಯುವ ವಿದ್ಯೆಯಲ್ಲಿ ಅವರು ನಮಗೆಲ್ಲ ಗುರು. ಅದರಲ್ಲಿ ಎರಡು ಮಾತಿಲ್ಲ.

ಪದರಗಳೇನೋ ಸಿಕ್ಕವು. ವರ್ಷ ಹೇಳುವುದು ಹೇಗೆ? ಇಂಗಾಲದಿಂದ ಕಾಲ ಹೇಳುವ ವಿಧಾನ ಆಗ ಇನ್ನೂ ಬಂದಿರಲಿಲ್ಲ. ಅದು ಬಂದದ್ದು 1949ರಲ್ಲಿ. ವ್ಹೀಲರ್ ಎರಡು ವರ್ಷ ಮೊದಲು, ಎಂದರೆ 1945ರಲ್ಲಿ, ಪುದುಚೇರಿಯ ಹತ್ತಿರದ ಅರಿಕಮೇಡಿನಲ್ಲಿ ಅಗೆದಿದ್ದರು. ಅಲ್ಲಿ ಇಟಲಿಯ ಅರೆಟ್ಸೊ ಊರಿನ ಕುಂಬಾರರು ಮಾಡಿ ಮುದ್ರೆಯೊತ್ತಿದ ಹೊಳೆಯುವ ಕೆಂಪು ತಟ್ಟೆ ಬಟ್ಟಲುಗಳ ಚೂರು ಸಿಕ್ಕಿದ್ದವು. ಆ ಪಾತ್ರೆಗಳ ಕಾಲ ರೋಮಿನ ಇತಿಹಾಸದಿಂದ ಗೊತ್ತಿತ್ತು: ಕ್ರಿ.ಶ. ಮೊದಲನೆಯ ಶತಮಾನದ ಪೂರ್ವಾರ್ಧ. ಅದರ ಜೊತೆಯಲ್ಲಿ ಇನ್ನೊಂದು ಬಗೆಯ ತಟ್ಟೆ. ಅದರ ಒಳತಳದಲ್ಲಿ, ತಿಗರಿಯ ಮೇಲೆ ತಿರುಗುತ್ತಿದ್ದಾಗಲೇ ಹಲ್ಲಿನ ಸಾಧನದಿಂದ ಒತ್ತಿದ ಚುಕ್ಕೆ ಬೆಣೆಗಳ ಸಣ್ಣ ಸಣ್ಣ ವರ್ತುಲಗಳು. ಈ ಚುಕ್ಕೆವರ್ತುಲದ ತಟ್ಟೆಯೂ ಮೆಡಿಟರೇನಿಯನ್ ಕಡೆಯಿಂದ ಬಂದದ್ದೇ ಅಥವಾ ಅದರ ಅನುಕರಣೆಯೇ ಎಂದು ಅವರು ತಿಳಿದರು. ಅದೇ ತಟ್ಟೆ ಬ್ರಹ್ಮಗಿರಿಯ ಮೇಲಿನ ಪದರದಲ್ಲಿಯೂ ಸಿಕ್ಕಿತು. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ತಿಬೇರಿಯಸನ ಬೆಳ್ಳಿ ನಾಣ್ಯವೂ ದೊರೆತಿತ್ತು. ಸರಿ, ಸರಪಣಿ ಸಿದ್ಧವಾಯಿತು. ಇಟಲಿಯ ಬಟ್ಟಲಿನಿಂದ ಅರಿಕಮೇಡು, ಅರಿಕಮೇಡಿನಿಂದ ಚುಕ್ಕೆಯ ತಟ್ಟೆ, ತಟ್ಟೆಯಿಂದ ಬ್ರಹ್ಮಗಿರಿ, ಅಲ್ಲಿಂದ ಕೆಳಕ್ಕೆ ಎಣಿಸುತ್ತ ಹೋಗಿ ಕಲ್ಲು ಸಮಾಧಿಗಳಿಗೆ ಕ್ರಿ.ಪೂ. ಸುಮಾರು 200ರಿಂದ ಆಚೆಗೆ ಕಾಲ ಕಟ್ಟಿದರು. ಕಲ್ಲು ಕೊಡಲಿಯ ಜನಕ್ಕೆ ಕ್ರಿ.ಪೂ. ಮೊದಲನೆಯ ಸಹಸ್ರಮಾನದ ಆರಂಭದಿಂದ ಎರಡನೆಯ ಶತಮಾನದ ಆರಂಭದವರೆಗೆ ಜಾಗ ಕೊಟ್ಟರು.

ಇದರ ಫಲವನ್ನು ವಾಚಕರು ಸ್ವಲ್ಪ ಯೋಚಿಸಿ ನೋಡಬೇಕು. ಅಶೋಕನ ಶಾಸನ ಕ್ರಿ.ಪೂ. ಮೂರನೆಯ ಶತಮಾನದ್ದು. ಈ ಲೆಕ್ಕದಂತೆ, ಇಸಿಲದ ಮಹಾಮಾತ್ರರಿಗೆ ಚಕ್ರವರ್ತಿ ಆ ಬಂಡೆಯ ಮೇಲೆ ಆಜ್ಞೆ ಕೆತ್ತಿಸುತ್ತಿದ್ದಾಗ, ಬೆಟ್ಟದ ಬುಡದಲ್ಲಿ ನಮ್ಮ ಜನ ಇನ್ನೂ ಕಬ್ಬಿಣದ ಸಮಾಧಿಯ ಕಾಲವನ್ನು ಮುಟ್ಟದೆ ಕಲ್ಲು ಕೊಡಲಿಯನ್ನು ಉಜ್ಜಿಕೊಂಡು ಕೂತಿದ್ದರು! ಹಾಗಿದ್ದರೆ ಬಂಡೆ ಕೊರೆದ ಉಳಿ ಎಲ್ಲಿಯದು, ಅದನ್ನು ಓದುವವರು ಯಾರು ಎಂದು ಕೇಳುವ ಧೈರ್ಯ ನಮ್ಮ ಪಠ್ಯಪುಸ್ತಕಗಳಿಗೆ ಬಹುಕಾಲ ಬರಲಿಲ್ಲ.

ಆಮೇಲೆ ಇಂಗಾಲದ ಲೆಕ್ಕ ಬಂತು. ಸಂಗನಕಲ್ಲು, ತೆಕ್ಕಲಕೋಟೆ ಮೊದಲಾದ ನೆಲೆಗಳ ಅಗೆತಗಳಾದವು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದಾಗ, ಕಬ್ಬಿಣದ ಕಾಲ ಕ್ರಿ.ಪೂ. 1000ದ ಸುಮಾರಿಗೆ ಹಿಂದೆ ಸರಿಯಿತು. ಕಲ್ಲು ಕೊಡಲಿಯ ಜನ, ದನ ಸಾಕಿ ಬೂದಿಯ ದಿಬ್ಬಗಳನ್ನು ಬಿಟ್ಟುಹೋದ ಜನ, ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹೋದರು. ಇಟಲಿಯ ಬಟ್ಟಲಿನಿಂದ ಅಳೆದದ್ದಕ್ಕಾಗಿ ನಮ್ಮ ಹಿಂದಿನವರ ಲೆಕ್ಕದಲ್ಲಿ ಸಾವಿರ ವರ್ಷಕ್ಕೂ ಮಿಕ್ಕು ಖೋತಾ ಬಿದ್ದಿತ್ತು. ನಷ್ಟವೇನು ಎಂದವರಿಗೆ ಇದು ಉತ್ತರ. ವ್ಹೀಲರರನ್ನು ನಾನು ದೂರುವುದಿಲ್ಲ. ಕೈಯಲ್ಲಿದ್ದ ಒಂದೇ ಅಳತೆಗೋಲಿನಿಂದ ಅವರು ಅಳೆದರು. ಅಳತೆಗೋಲು ಬದಲಾದ ಮೇಲೂ ಹಳೆಯ ಲೆಕ್ಕವನ್ನು ಗೈಡುಗಳಲ್ಲಿ ಹೊತ್ತು ತಿರುಗಿದವರು ನಾವು.

ಚುಕ್ಕೆಯ ತಟ್ಟೆಯ ಕಥೆಯಂತೂ ಇನ್ನೂ ಸ್ವಾರಸ್ಯ. 1980ರ ದಶಕದಲ್ಲಿ ವಿಮಲಾ ಬೆಗ್ಲಿ ಅರಿಕಮೇಡಿನ ಸಾಮಗ್ರಿಯನ್ನೆಲ್ಲ ಮತ್ತೆ ಹರಡಿಕೊಂಡು ನೋಡಿ, ಈ ತಟ್ಟೆ ರೋಮಿನ ವ್ಯಾಪಾರಕ್ಕಿಂತ ಹಿಂದೆಯೇ ಇಲ್ಲಿ ಇತ್ತೆಂದು ವಾದಿಸಿದರು. ಅದರ ಜೇಡಿಯನ್ನು ಪರೀಕ್ಷಿಸಿ, ಮಣ್ಣು ಗಂಗೆಯ ಮುಖಜ ಭೂಮಿಯದೆಂದು 1997ರಲ್ಲಿ ಗೋಗಟೆಯವರು ಬರೆದರು. 2005ರಲ್ಲಿ ನಡೆದ ರಾಸಾಯನಿಕ ಪರೀಕ್ಷೆಯೂ ಈ ತಟ್ಟೆಗಳು ಭಾರತದಲ್ಲಿಯೇ ಆದವೆಂದಿತು. ಈ ತಟ್ಟೆಯ ಚೂರು ಬಂಗಾಳದಲ್ಲಿ ಸಿಕ್ಕಿದೆ, ಸಿಂಹಳದ ಅನುರಾಧಪುರದಲ್ಲಿ ಸಿಕ್ಕಿದೆ, ಸಮುದ್ರದಾಚೆ ಬಾಲಿ ದ್ವೀಪದಲ್ಲಿಯೂ ಸಿಕ್ಕಿದೆ. ಚುಕ್ಕೆಯೊತ್ತುವ ಕೈಚಳಕ ಹೊರಗಿನಿಂದ ಕಲಿತದ್ದಿದ್ದರೂ ಇರಲಿ. ನನಗೆ ಅದರ ಬಗ್ಗೆ ಹಟವಿಲ್ಲ. ಆದರೆ ರೋಮಿನಿಂದ ನಮಗೆ ಬಂತೆಂದು ನಾವು ಕೈಮುಗಿದ ತಟ್ಟೆ, ನಮ್ಮ ದೇಶದ ಕುಂಬಾರನ ಆವಿಗೆಯಿಂದ ಹೊರಟು ಬಾಲಿಗೆ ಹೋಗಿತ್ತು.

ಇಂಥ ತಪ್ಪು ನಮಗೊಬ್ಬರಿಗೇ ಆದದ್ದಲ್ಲವೆಂಬುದು ಒಂದು ಸಮಾಧಾನ. ಗ್ರೀಕರ ಆ ಚಿತ್ರದ ಬಟ್ಟಲುಗಳು ರಾಶಿರಾಶಿಯಾಗಿ ಸಿಕ್ಕಿದ್ದು ಗ್ರೀಸಿನಲ್ಲಿ ಮಾತ್ರವಲ್ಲ, ಇಟಲಿಯ ಎಟ್ರುಸ್ಕನರ ಗೋರಿಗಳಲ್ಲಿ. ಗೋರಿ ಎಟ್ರುಸ್ಕನರದು, ಆದ್ದರಿಂದ ಬಟ್ಟಲೂ ಅವರದೇ ಎಂದು ಹದಿನೆಂಟನೆಯ ಶತಮಾನದ ಯೂರೋಪು ನಂಬಿತ್ತು. ಇಂಗ್ಲೆಂಡಿನ ವೆಜ್‌ವುಡ್ 1769ರಲ್ಲಿ ಪಿಂಗಾಣಿ ಕಾರ್ಖಾನೆ ತೆರೆದಾಗ ಅದಕ್ಕೆ ಇಟ್ಟ ಹೆಸರು ‘ಎಟ್ರೂರಿಯ’. ಮುಂದೆ ಬಟ್ಟಲುಗಳ ಮೇಲಿದ್ದ ಗ್ರೀಕ್ ಅಕ್ಷರಗಳನ್ನು ಓದಿ, ಜೇಡಿಯನ್ನು ನೋಡಿ, ಅವರು ತಮ್ಮ ತಪ್ಪನ್ನು ತಿದ್ದಿಕೊಂಡರು. ಕಾರ್ಖಾನೆಯ ಹೆಸರು ಉಳಿಯಿತು, ಪುಸ್ತಕದಲ್ಲಿ ತಪ್ಪು ಉಳಿಯಲಿಲ್ಲ.

ನಮ್ಮಲ್ಲಿ ಪುಸ್ತಕದ ತಪ್ಪು ಏಕೆ ಉಳಿಯುತ್ತದೆ? ನನ್ನ ಅಭಿಪ್ರಾಯದಲ್ಲಿ, ಕನ್ನಡ ಅಧ್ಯಾಪಕನಿಗೆ ಅಕ್ಷರವಿಲ್ಲದ್ದು ಕಣ್ಣಿಗೆ ಬೀಳುವುದಿಲ್ಲ. ಶಾಸನ ಸಿಕ್ಕಿದರೆ ಓಡಿಹೋಗುತ್ತೇವೆ, ಓಲೆಗರಿ ಸಿಕ್ಕಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಮಡಕೆ ಚೂರು ಚರಿತ್ರೆಯ ಮೇಷ್ಟರ ಪಾಲು. ಚರಿತ್ರೆಯ ಮೇಷ್ಟರಿಗೆ ಸಿಲಬಸ್ಸು ಮುಗಿಸುವ ಅವಸರ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಬಂದಾಗ ನಾನೂ ಸಿಹಿ ಹಂಚಿದವನು. ಅಂದು ನಮ್ಮ ಸಭೆಯಲ್ಲಿ ಆಕ್ಸಿರಿಂಕಸಿನ ಹೆಸರು ನಾಲ್ಕು ಸಲ ಬಂತು, ಬ್ರಹ್ಮಗಿರಿಯ ಹೆಸರು ಒಂದು ಸಲವೂ ಬರಲಿಲ್ಲ. ನಮ್ಮ ತಾಲ್ಲೂಕಿನ ಮಾತಂತೂ ಕೇಳುವುದೇ ಬೇಡ. ಶ್ರೀರಂಗಪಟ್ಟಣವೆಂದರೆ 1799, ಅದರ ಹಿಂದೆ ಮನುಷ್ಯರೇ ಇರಲಿಲ್ಲವೆಂಬಂತೆ ಪ್ರವಾಸಿಗಳು ಬಂದು ಹೋಗುತ್ತಾರೆ. ಇದೇ ಕಾವೇರಿಯ ಕೆಳಗೆ, ಕಪಿಲೆ ಬಂದು ಕೂಡುವ ತಿರುಮಕೂಡಲು ನರಸೀಪುರದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಅಗೆದು ಹೊಸ ಶಿಲಾಯುಗದವರ ವಾಸದ ನೆಲೆಯನ್ನೂ ಸಮಾಧಿಗಳನ್ನೂ ಹೊರತೆಗೆದರು. ಅದರ ವರದಿ 1971ರಲ್ಲಿ ಅಚ್ಚಾಯಿತು. ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಬರಬಹುದಾದ ದೂರ. ನನ್ನ ವಿದ್ಯಾರ್ಥಿಗಳಿಗೆ ಈಜಿಪ್ಟಿನ ಆ ಹಾಳೂರಿನ ಹೆಸರು ಬಾಯಿಪಾಠ. ನರಸೀಪುರವೆಂದರೆ ಕುಂಭಮೇಳವೊಂದೇ ಗೊತ್ತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಗಾಗಿ ನಮ್ಮ ತಾಲ್ಲೂಕಿನಲ್ಲಿ ವರ್ಷಗಟ್ಟಲೆ ಮಣ್ಣು ಅಗೆದರು, ಹೊತ್ತರು, ಸುರಿದರು. ದಿನವೂ ಆ ಮಣ್ಣಿನ ಧೂಳು ಕುಡಿದುಕೊಂಡೇ ಕಾಲೇಜಿಗೆ ಹೋದೆ. ಒಂದು ದಿನವಾದರೂ ಗಾಡಿಯಿಂದ ಇಳಿದು ಕತ್ತರಿಸಿದ ದಿಣ್ಣೆಯ ಮಗ್ಗುಲನ್ನು ನೋಡಲಿಲ್ಲ. ನೋಡಿದ್ದರೂ ಗುರುತು ಹಿಡಿಯುವ ಕಣ್ಣು ನನಗಿರಲಿಲ್ಲ. ಎಂ.ಎ. ತರಗತಿಯಲ್ಲಿ ಒಂದು ವಾರ, ಒಂದೇ ವಾರ, ನಾಲ್ಕು ಬಗೆಯ ಬೋಕಿಗಳನ್ನು ಮೇಜಿನ ಮೇಲೆ ಇಟ್ಟು “ಇದು ಹೀಗೆ, ಇದು ಹಾಗೆ” ಎಂದು ತೋರಿಸಿದ್ದರೆ ಸಾಕಾಗಿತ್ತು. ಕನ್ನಡ ಎಂ.ಎ. ಪಠ್ಯದಲ್ಲಿ ಆ ಒಂದು ವಾರಕ್ಕೆ ಜಾಗ ಮಾಡಬೇಕೆಂಬುದು, ಪದವಿ ತರಗತಿಯ ಪುಸ್ತಕಗಳಲ್ಲಿ ಗ್ರೀಕ್ ಪ್ರಹಸನದ ಪಕ್ಕದಲ್ಲಿ ಬಾರ್ನೆಟ್ಟರ ಆಕ್ಷೇಪವನ್ನೂ ಅಚ್ಚು ಹಾಕಬೇಕೆಂಬುದು ನನ್ನ ಬೇಡಿಕೆ. ಇದು ಅಭಿಮಾನಕ್ಕೆ ಧಕ್ಕೆಯಾಗುತ್ತದೆ ಎನ್ನುವವರು ತಮ್ಮ ಅಭಿಮಾನ ಎಷ್ಟು ತೆಳುವಾದದ್ದೆಂದು ತಾವೇ ನೋಡಿಕೊಳ್ಳಲಿ.

ಮಾರನೆಯ ಬೆಳಿಗ್ಗೆ ನುಗ್ಗೆಮರದ ಬುಡದಿಂದ ಚೂರುಗಳನ್ನು ಆರಿಸಿದೆ. ಕೆಂಪು ಕಪ್ಪಿನ ಆ ಒಂದು ಚೂರನ್ನು ಜೇಬಿನಲ್ಲಿ ಹಾಕಿಕೊಂಡು, ಪಕ್ಕದ ಊರಿನಲ್ಲಿ ಮಗ ಆಟೋ ಓಡಿಸಲು ಹೋದಮೇಲೆ ತಿಗರಿಯನ್ನು ಮೂಲೆಗೆ ಒರಗಿಸಿಟ್ಟಿರುವ ಕುಂಬಾರರ ಅಜ್ಜಿಯೊಬ್ಬರ ಹತ್ತಿರ ಹೋದೆ. ಅಜ್ಜಿ ಚೂರನ್ನು ಉಗುರಿನಿಂದ ಕೆರೆದು, ನಾಲಗೆಗೆ ಮುಟ್ಟಿಸಿ, ಬೆಳಕಿಗೆ ಹಿಡಿದು ನೋಡಿದರು. “ಬೋರ್ಲಾಕಿ ಸುಟ್ಟವ್ರೆ ಕನಪ್ಪ. ಬಾಯಿ ಬೂದೀಲಿ ಹೂತೋಗದೆ, ಗಾಳಿ ಹೋಗಕ್ಕಿಲ್ಲ, ಅದ್ಕೇ ಒಳೀಕೆ ಕಪ್ಪು. ಮೇಗಡೆ ಉರಿ ಬಡ್ದದೆ, ಕೆಂಪಾಗದೆ” ಎಂದರು. ಮನೆಗೆ ಬಂದು ಪುಸ್ತಕ ತೆಗೆದೆ. ಬ್ರಹ್ಮಗಿರಿಯ ಕಲ್ಲು ಸಮಾಧಿಗಳಲ್ಲಿ ಸತ್ತವರ ಎಲುಬಿನ ಪಕ್ಕ ಇಟ್ಟಿದ್ದ ಕಪ್ಪು ಕೆಂಪು ಬಟ್ಟಲುಗಳಿಗೆ ಎರಡು ಬಣ್ಣ ಬಂದದ್ದು ಹೇಗೆಂಬುದಕ್ಕೆ ವಿದ್ವಾಂಸರು ಕೊಡುವ ವಿವರಣೆಯೂ ಅದೇ: ಬೋರಲು ಹಾಕಿ ಸುಟ್ಟದ್ದು. ನನ್ನ ಕೈಯಲ್ಲಿದ್ದ ಚೂರು ನೂರು ವರ್ಷದ್ದೋ ಎರಡು ಸಾವಿರ ವರ್ಷದ್ದೋ, ಹೇಳುವ ವಿದ್ಯೆ ನನ್ನಲ್ಲಿಲ್ಲ. ಬಲ್ಲವರಿಗೆ ತೋರಿಸೋಣವೆಂದು ಜಗಲಿಯ ಮೇಲಿಟ್ಟು ಒಳಗೆ ಕಾಗದ ಹುಡುಕಲು ಹೋದೆ.

ಬರುವಷ್ಟರಲ್ಲಿ ಚೂರು ಇಲ್ಲ. ಎದುರು ಮನೆಯ ಆರು ವರ್ಷದ ಹುಡುಗಿ ಬೀದಿಯಲ್ಲಿ ಚೌಕ ಬರೆದು, ಅದನ್ನೇ ಎಸೆದು ಕುಂಟೆಬಿಲ್ಲೆ ಆಡುತ್ತಿದ್ದಾಳೆ. ಬೇರೆ ಹೆಂಚಿನ ಚೂರು ಕೊಡುತ್ತೇನೆ, ಇದನ್ನು ಕೊಡಮ್ಮ ಎಂದೆ. “ಊಹೂಂ, ಇದೇ ಚೆನ್ನಾಗಿ ಜಾರ್ತದೆ ಮಾವ” ಎಂದು ಮುಷ್ಟಿಯಲ್ಲಿ ಹಿಡಿದುಕೊಂಡು ಓಡಿದಳು. ಇನ್ನೂ ಅವಳ ಹತ್ತಿರವೇ ಇದೆ. ನಾಳೆ ನಾಲ್ಕು ಕಡಲೆಮಿಠಾಯಿ ತಂದು ಮತ್ತೆ ಕೇಳಿ ನೋಡಬೇಕು.